ಏನನ್ನೂ ಕಟ್ಟದ ಹಗ್ಗ

ಚಿಕ್ಕೇರೂರಿನ ಗೌಡರ ಹೊಲದಲ್ಲಿ, ಹಳ್ಳದ ದಂಡೆಗೆ, ಎರಡು ಬೇವಿನ ಮರಗಳ ನಡುವೆ ಒಂದು ಹುಲ್ಲಿನ ಗುಡಿಸಲಿದೆ. ಅದಕ್ಕೆ ಎಷ್ಟು ವಯಸ್ಸೆಂದು ಯಾರಾದರೂ ಕೇಳಿದರೆ ಊರಿನವರು ಗುತ್ತೆಪ್ಪನ ಕಡೆ ಕೈ ತೋರಿಸುತ್ತಾರೆ. ಕಟ್ಟಿದವನು ಅವನ ಮುತ್ತಜ್ಜ. ಹುಲ್ಲು ಹೊಚ್ಚಿಕೊಂಡು ಬಂದವರು ಅವನ ಅಜ್ಜ, ಅಪ್ಪ, ಈಗ ಐವತ್ತೈದು ವರ್ಷಗಳಿಂದ ಅವನೇ. ಎಪ್ಪತ್ತಮೂರರ ಈ ವಯಸ್ಸಿನಲ್ಲೂ ಎರಡು ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ಏಣಿ ಹೆಗಲಿಗೇರಿಸಿಕೊಂಡು ಬರುತ್ತಾನೆ. ಮೇಲೆ ಕೊಳೆತದ್ದನ್ನು ಕೆರೆದು ತೆಗೆದು, ಹೊಸ ಕರಡದ ಹುಲ್ಲು ಹೊಚ್ಚಿ, ಪುಂಡಿ ನಾರಿನ ಹುರಿಯಿಂದ ಬಿಗಿದು ಇಳಿದು ಹೋಗುತ್ತಾನೆ. ಒಳಗೆ ಮಾತ್ರ ಕಾಲಿಡುವುದಿಲ್ಲ. ಒಳಗಿನಿಂದ ಹುರಿ ಎಳೆದುಕೊಡುವ ಕೆಲಸ ಮೊದಲು ಕೂಲಿಯವರದಾಗಿತ್ತು, ಈಗ ಅವನ ಮಗ ಪರಮೇಶನದು.

ಹುಲ್ಲು ಹೊಚ್ಚುವವರಿಗೆ ಒಂದು ಕಟ್ಟುಪಾಡಿದೆ. ಹೊಸ ಹುಲ್ಲು ಹೊಚ್ಚಿದ ಮರುದಿನ ಮುಂಜಾನೆ ಹೊಚ್ಚಿದವನೇ ಒಳಗೆ ಹೋಗಿ ಒಲೆ ಹಚ್ಚಿ ಮೊದಲ ಹೊಗೆ ಹಾಕಬೇಕು. ಹೊಗೆ ಕುಡಿದ ಹುಲ್ಲಿಗೆ ಹುಳ ಹತ್ತುವುದಿಲ್ಲ, ಮನೆಗೂ ಒಳ್ಳೆಯದು. ಗುತ್ತೆಪ್ಪ ಸುತ್ತಲ ಹತ್ತಾರು ಊರುಗಳ ಗುಡಿಸಲುಗಳಿಗೆ ಹೀಗೆ ಹೊಗೆ ಹಾಕಿದ್ದಾನೆ. ಈ ಒಂದಕ್ಕೆ ಹಾಕಿಲ್ಲ. ಬೇರೆಯವರ ಕೈಯಿಂದ ಹಾಕಿಸಿ, ಆ ಹೊತ್ತಿಗೆ ತಾನು ಹಳ್ಳದ ಆಚೆ ಹೋಗಿ ಬೀಡಿ ಸೇದುತ್ತ ಕೂರುತ್ತಿದ್ದ.

ಯಾಕೆಂದು ಊರಿಗೆ ಗೊತ್ತು. ಕೇಳುವಷ್ಟು ಧೈರ್ಯ ಯಾರಿಗೂ ಇಲ್ಲ, ಹಿಂದೆ ಆಡಿಕೊಳ್ಳುವ ಧೈರ್ಯ ಎಲ್ಲರಿಗೂ ಇದೆ. ಅರವತ್ತಾರು ವರ್ಷದ ಹಿಂದೆ ಗುತ್ತೆಪ್ಪನ ತಾಯಿ ಹುಲಿಗೆವ್ವ, ಗಂಡನನ್ನೂ ಏಳು ವರ್ಷದ ಮಗನನ್ನೂ ಕೇರಿಯಲ್ಲಿ ಬಿಟ್ಟು, ಈ ಗುಡಿಸಲಿಗೆ ಬಂದು ಇದ್ದಳು. ದೊಡ್ಡಗೌಡ ಚನ್ನವೀರಪ್ಪ ದಿನಾ ಸಂಜೆ ಆ ಕಡೆ ಹೋಗಿ ಬರುತ್ತಿದ್ದ. ವರ್ಷದ ಮೇಲೆ ಹುಲಿಗೆವ್ವ ಅಲ್ಲೇ ತೀರಿಕೊಂಡಳು, ಹೊಲದ ಬದುವಿನಲ್ಲೇ ಮಣ್ಣು ಮಾಡಿದರು. ಗೌಡ ಇಟ್ಟುಕೊಂಡವಳು ಎಂದು ಊರು ಅವತ್ತು ಆಡಿದ ಮಾತು ಇವತ್ತಿಗೂ ಆಡುತ್ತಿದೆ. ಗುತ್ತೆಪ್ಪನ ಅಪ್ಪನಿಗೆ ಏನು ಗೊತ್ತಿತ್ತೋ, ಆತ ಬಾಯಿ ಬಿಡಲಿಲ್ಲ. ಮಗನಿಗೆ ಮೀಸೆ ಮೂಡುವ ಮೊದಲೇ ಸತ್ತೂ ಹೋದ.

ಗುತ್ತೆಪ್ಪನಿಗೆ ಊರಿನ ಮಾತಿಗಿಂತ ಹೆಚ್ಚು ನೋಯಿಸುವ ನೆನಪೊಂದಿತ್ತು. ಅವ್ವ ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆತ ಯಾರಿಗೂ ಹೇಳದೆ ಗುಡಿಸಲಿಗೆ ಓಡಿದ್ದ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಅವನನ್ನು ಕಂಡವಳೇ ಬಗ್ಗಿ ಮಣ್ಣಿನ ಹೆಂಟೆ ಎತ್ತಿಕೊಂಡು ಎಡಗೈಯಿಂದ ಬೀಸಿ ಒಗೆದಳು. ಅವಳು ಎಡಚಿ. "ಬರಬ್ಯಾಡ, ಹೋಗು!" ಎಂದು ಕೂಗುತ್ತ ಇನ್ನೊಂದು ಒಗೆದಳು. ಎರಡನೆಯದು ಅವನ ಭುಜಕ್ಕೆ ಬಡಿದು ಪುಡಿಯಾಯಿತು. ಆತ ಅಳುತ್ತ ಓಡಿಬಂದ. ಅವ್ವನನ್ನು ನೋಡಿದ್ದು ಅದೇ ಕಡೆಯ ಸಲ. ತಾನು ಬೇಡವಾಗಿದ್ದೆ ಎಂಬ ಮಾತನ್ನು ಆತ ಆಮೇಲೆ ಅರವತ್ತಾರು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ.

ಹುಲಿಗೆವ್ವನಿಗೆ ಮೊದಲೂ ಆ ಗುಡಿಸಲಿನಲ್ಲಿ ಜನ ಇದ್ದರು, ಆಮೇಲೂ ಇದ್ದರು. ಪ್ಲೇಗು ಬಂದ ವರ್ಷ ಊರಿಗೆ ಊರೇ ಹೊಲ ಸೇರಿದಾಗ ಗೌಡರ ಮನೆಯವರೇ ಅಲ್ಲಿ ಎರಡು ಮಳೆಗಾಲ ಕಳೆದಿದ್ದರು. ಹುಲಿಗೆವ್ವ ಹೋದ ಮೇಲೆ ಕಾವಲಿನ ಫಕ್ಕೀರಪ್ಪ, ಕಿವುಡು ನಾಯಿಯೊಂದನ್ನು ಕಟ್ಟಿಕೊಂಡು, ಹತ್ತೊಂಬತ್ತು ವರ್ಷ ಇದ್ದ. ನಾಯಿಗೆ ಕಿವಿ ಕೇಳದೆ, ತನಗೆ ಕಣ್ಣು ಕಾಣದೆ, ಇಬ್ಬರೂ ಸೇರಿ ಹೇಗೋ ಒಂದು ಕಾವಲು ಕಾದರು. ಆಮೇಲೆ ಕಸಬರಿಗೆ ಮಾರುವ ಬಾನುಬಿ, ಮಳೆಗೆ ಮನೆಯ ಗೋಡೆ ಬಿದ್ದಾಗ, ಕೋಳಿಗಳ ಸಮೇತ ಬಂದು ನಾಲ್ಕು ವರ್ಷ ಇದ್ದು, ಶಿಗ್ಗಾವಿಯ ಮಗಳ ಮನೆಗೆ ಹೋದಳು. ಕೊನೆಗೆ ಗೋವಿನಜೋಳದ ಚೀಲಗಳು ಇದ್ದವು. ಈಗ ಆರು ವರ್ಷದಿಂದ ಯಾರೂ ಇಲ್ಲ, ಹೊಚ್ಚಿದ ಮರುದಿನದ ಹೊಗೆ ಬಿಟ್ಟರೆ ಒಲೆ ಹಚ್ಚಿದವರೂ ಇಲ್ಲ.

ಈ ಬೇಸಿಗೆಯಲ್ಲಿ ಗೌಡರ ಮನೆಯ ಈಗಿನ ಯಜಮಾನ ಮೃತ್ಯುಂಜಯನಿಗೆ ಒಂದು ಹುಕ್ಕಿ ಬಂತು. ಐವತ್ತು ದಾಟಿದ, ಒಳ್ಳೆಯ ಮನಸ್ಸಿನ, ಸ್ವಲ್ಪ ಅವಸರದ ಮನುಷ್ಯ. ಗುಡಿಸಲನ್ನು ಚಂದ ಮಾಡಿ ಶಾಲೆಯ ಮಕ್ಕಳಿಗೆ ಹಳೆಯ ಕಾಲದ ಬದುಕು ತೋರಿಸುತ್ತೇನೆಂದು ಹೊರಟ. ಹಿರೇಕೆರೂರಿನಲ್ಲಿ ಒಂದು ಹಲಗೆ ಬರೆಸಿ ತಂದು ಬೇವಿನ ಮರಕ್ಕೆ ಒರಗಿಸಿಟ್ಟ. "ಶ್ರೀ ಚನ್ನವೀರಪ್ಪಗೌಡರು ಏಕಾಂತವಾಸ ಮಾಡಿದ ಕುಟೀರ." ಅಜ್ಜ ಸಂಜೆಗೆ ಅಲ್ಲಿ ಧ್ಯಾನಕ್ಕೆ ಹೋಗುತ್ತಿದ್ದನೆಂದು ಮನೆಯಲ್ಲಿ ಯಾರೋ ಹೇಳಿದ್ದನ್ನು ಆತ ನಂಬಿದ್ದ.

ಹಲಗೆಯ ಸುದ್ದಿ ಉಸ್ಮಾನಸಾಬನ ಚಹದ ಅಂಗಡಿಗೆ ಬರಲು ಅರ್ಧ ತಾಸೂ ಬೇಕಾಗಲಿಲ್ಲ.

"ಏಕಾಂತ ಹೆಂಗಾತೋ? ಇಬ್ಬರು ಇದ್ರಲ್ಲ!" ಎಂದು ಒಬ್ಬ ಅಂದ. ಎಲ್ಲರೂ ನಕ್ಕರು. ನಕ್ಕ ಮೇಲೆ ಮೂಲೆಯ ಬೆಂಚಿನ ಮೇಲೆ ಗುತ್ತೆಪ್ಪ ಕೂತಿರುವುದು ಕಂಡಿತು. ಉಸ್ಮಾನಸಾಬ ಸುಮ್ಮನೆ ಸ್ಟೋವಿನ ಉರಿ ಸಣ್ಣ ಮಾಡಿದ. ಗುತ್ತೆಪ್ಪ ಅರ್ಧ ಚಹ ಹಾಗೇ ಬಿಟ್ಟು ಎದ್ದು ಬಂದ. ಇಷ್ಟು ದಿನ ಬಾಯಿಮಾತಿನಲ್ಲಿದ್ದದ್ದು ಇನ್ನು ಹಲಗೆಯ ಮೇಲೆ ನಿಲ್ಲುತ್ತದೆ, ಮೊಮ್ಮಕ್ಕಳು ಓದಿ ಏನೆಂದು ಕೇಳುತ್ತಾರೆ, ಊರು ಹೇಳಿಕೊಡುತ್ತದೆ.

ಆದರೂ ಕೆಲಸ ಒಪ್ಪಿಕೊಂಡಿದ್ದ. ಮಾತು ಕೊಟ್ಟಾಗ ಹಲಗೆ ಬಂದಿರಲಿಲ್ಲ.

"ಈ ಸಲ ಪೂರಾ ಕಿತ್ತು ಗಳಕ್ಕ ಬಾ, ಗುತ್ತೆಪ್ಪ. ಒಳಗ ಒರಲಿ ಹತ್ತೈತಿ. ಶಾಲಿ ಹುಡುಗರು ಬರ್ತಾವ, ಹಾವು ಚೇಳು ಇರಬಾರದು," ಎಂದ ಮೃತ್ಯುಂಜಯ.

"ತಳದ ಹುಲ್ಲು ಕೀಳಬಾರದ್ರಿ ಗೌಡ್ರ. ಅದು ಹೊಗಿ ಕುಡದು ಕರ್ರಗ ಗಟ್ಟಿ ಆಗಿರ್ತೈತಿ. ನಮ್ಮ ಅಜ್ಜನ ಕಾಲದಿಂದ ಅದನ್ನ ಯಾರೂ ಮುಟ್ಟಿಲ್ಲ."

"ಆರು ವರ್ಷದಿಂದ ದಿನದ ಒಲಿ ಇಲ್ಲ. ಇನ್ನೇನು ಗಟ್ಟಿ ಉಳದೀತು? ಕೀಳು."

ಆ ಮಾತಿನಲ್ಲಿ ನಿಜ ಇತ್ತು. ಗುತ್ತೆಪ್ಪ ಒಲ್ಲದ ಮನಸ್ಸಿನಿಂದ ಏಣಿ ಹಚ್ಚಿದ.

ಎರಡು ದಿನ ಅಪ್ಪ ಮಗ ಕಿತ್ತರು. ಮೇಲಿನ ಬೂದು ಹುಲ್ಲು ಕೈ ಹಚ್ಚಿದರೆ ಪುಡಿಯಾಗುತ್ತಿತ್ತು. ಅದರ ಕೆಳಗೆ ಬಾನುಬಿಯ ಕಾಲದ ಹುಲ್ಲಿನಲ್ಲಿ ಕೋಳಿಯ ಪುಕ್ಕಗಳು ಸಿಕ್ಕವು. ಫಕ್ಕೀರಪ್ಪನ ಕಾಲದ್ದು ಕಪ್ಪಗಿತ್ತು, ಅವನು ಮಳೆ ಇರಲಿ ಬಿಸಿಲಿರಲಿ ಬೆಂಕಿ ಆರಗೊಡುತ್ತಿರಲಿಲ್ಲ. ಪ್ರತಿ ಪದರವನ್ನೂ ತಾನೇ ಹೊಚ್ಚಿದ್ದೆಂದು ಗುತ್ತೆಪ್ಪನಿಗೆ ಬಿಗಿದ ರೀತಿಯಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಅಪ್ಪನ ಕೈಕೆಲಸ ಬಂತು. ಕಡೆಗೆ ತಳ. ಎರಡು ಬೆರಳು ದಪ್ಪದ, ಕಾಡಿಗೆಯ ಬಣ್ಣದ ಹುಲ್ಲು.

ಅದನ್ನು ಎತ್ತಿದಾಗ, ಒಲೆಯ ನೇರಕ್ಕೆ, ಮಾಡಿನ ಬಿದಿರು ಗಳದ ಉದ್ದಕ್ಕೂ ಸುತ್ತಿದ ಒಂದು ಹಗ್ಗ ಕಂಡಿತು. ಮಸಿ ಹಿಡಿದು ಗಳ ಯಾವುದು ಹಗ್ಗ ಯಾವುದು ತಿಳಿಯದಂತಿತ್ತು. ಕೆಳಗಿನಿಂದ ನೋಡಿದವರು ಗಳ ಬಿಗಿದ ಹುರಿ ಎಂದೇ ತಿಳಿದಿರಬೇಕು. ಫಕ್ಕೀರಪ್ಪ ಹತ್ತೊಂಬತ್ತು ವರ್ಷ ಅದರ ಕೆಳಗೆ ಮಲಗಿದ್ದ, ಬಾನುಬಿ ನಾಲ್ಕು ವರ್ಷ. ಆದರೆ ಹುಲ್ಲು ಹೊಚ್ಚುವವನ ಕಣ್ಣಿಗೆ ಅದು ಮೋಸವಾಗಲಾರದು. ಆ ಹಗ್ಗ ಏನನ್ನೂ ಕಟ್ಟಿರಲಿಲ್ಲ. ಸುಮ್ಮನೆ ಸುತ್ತಿತ್ತು, ಉದ್ದಕ್ಕೂ ಒತ್ತೊತ್ತಾಗಿ ಗಂಟುಗಳಿದ್ದವು.

ಗುತ್ತೆಪ್ಪ ಬಿಚ್ಚಿಕೊಂಡು ಇಳಿದು, ಬೇವಿನ ನೆರಳಲ್ಲಿ ಕೂತು, ಒದ್ದೆ ಪಂಚೆಯಿಂದ ಒರೆಸಿದ. ಅವರ ಮನೆತನದಲ್ಲಿ ಹೆಂಗಸರು ಹುರಿ ಹೊಸೆಯುತ್ತಾರೆ, ಹುಲ್ಲಿನ ಸಿವುಡು ಎಣಿಸುವಾಗ ಒಂದಕ್ಕೊಂದು ಗಂಟು ಹಾಕುತ್ತಾರೆ, ಇಪ್ಪತ್ತಾದರೆ ಜೋಡುಗಂಟು. ಇದರಲ್ಲಿ ಜೋಡುಗಂಟು ಇಪ್ಪತ್ತಕ್ಕೆ ಬರಲಿಲ್ಲ. ಇಪ್ಪತ್ತೊಂಬತ್ತಕ್ಕೆ ಬಂತು, ಆಮೇಲೆ ಮೂವತ್ತಕ್ಕೆ, ಮತ್ತೆ ಇಪ್ಪತ್ತೊಂಬತ್ತಕ್ಕೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಯಾರೋ ಇಲ್ಲಿ ಕೂತು ದಿನಗಳನ್ನು ಎಣಿಸಿದ್ದಾರೆ. ಗಂಟುಗಳೆಲ್ಲ ತಿರುವುಮುರುವಾಗಿದ್ದವು. ಬಲಗೈಯವರು ಹಾಕಿದರೆ ಹಾಗೆ ಬೀಳುವುದಿಲ್ಲ.

ಆತನ ಕೈ ನಿಂತಿತು.

"ಯಾಕಪ್ಪಾ?" ಎಂದು ಪರಮೇಶ ಕೇಳಿದ.

"ನಿಮ್ಮ ಅಜ್ಜೀದು," ಎಂದಷ್ಟೇ ಹೇಳಿದ.

ಹದಿನಾಲ್ಕು ಜೋಡುಗಂಟುಗಳಾದ ಮೇಲೆ ಹಗ್ಗದಲ್ಲಿ ಒಂದು ಬಟ್ಟೆಯ ಚೂರು ಸಿಕ್ಕಿಸಿತ್ತು. ಮಸಿ ಒರೆಸಿದರೆ ಕೆಂಪು ರೇಷ್ಮೆ ರಿಬ್ಬನ್ನು, ಅಂಚಿಗೆ ಜರಿ. ಕೇರಿಯಲ್ಲಿ ಆಗ ಯಾವ ಹುಡುಗಿಗೂ ಅಂಥದ್ದಿರಲಿಲ್ಲ. ಊರಿನಲ್ಲೇ ಅಂಥ ರಿಬ್ಬನ್ನು ಕಟ್ಟಿಕೊಳ್ಳುತ್ತಿದ್ದದ್ದು ಒಬ್ಬಳೇ, ದೊಡ್ಡಗೌಡನ ಒಬ್ಬಳೇ ಮಗಳು ಸರೋಜಾ. ರಿಬ್ಬನ್ನಿನ ಆಚೆಗೂ ಗಂಟುಗಳಿದ್ದವು. ಗುತ್ತೆಪ್ಪ ಅವನ್ನೂ ಎಣಿಸಿದ. ಎರಡು ಸಲ ಎಣಿಸಿದ.

ಸರೋಜವ್ವನಿಗೆ ಈಗ ಎಪ್ಪತ್ತೆಂಟು. ಗಂಡ ಮನೆ ಅಳಿಯನಾಗಿ ಬಂದವನು, ತೀರಿ ಹೋಗಿದ್ದಾನೆ. ಮೃತ್ಯುಂಜಯ ಅವಳ ಮಗ. ಮಂಡಿನೋವಿನಿಂದ ಕೆಳಗಿಳಿಯುವುದು ಕಡಿಮೆ, ವಾಡೆಯ ಮಾಳಿಗೆಯ ತನ್ನ ಖೋಲಿಯಲ್ಲೇ ಪೂಜೆ, ಊಟ, ನಿದ್ದೆ. ಗುತ್ತೆಪ್ಪ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಹಗ್ಗ ಚಾಚಿದ.

"ಗುಡಿಸಲದ ತಳದ ಹುಲ್ಲಿನ್ಯಾಗ ಸಿಕ್ತ್ರಿ ಅವ್ವಾರ. ನಮ್ಮವ್ವ ಹಾಕಿದ ಗಂಟು. ಈ ರಿಬ್ಬನ್ ನಿಮ್ದೇನ್ರಿ?"

ಸರೋಜವ್ವ ರಿಬ್ಬನ್ನು ಮುಟ್ಟಲಿಲ್ಲ. ಅವಳ ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಯಿತು.

"ಬಾಗಲಾ ಮುಚ್ಚಿ ಒಳಗ ಬಾ, ಕುಂದ್ರು," ಎಂದಳು. ಆತ ಬಾಗಿಲು ಮುಚ್ಚಿದ, ಕೂರಲಿಲ್ಲ.

"ನನಗ ಹನ್ನೆರಡ ವರ್ಷ. ಕೆಮ್ಮಿದ್ರ ರಕ್ತ ಬೀಳ್ತಿತ್ತು. ಕ್ಷಯ ಅಂದ್ರು. ಹತ್ತಿಮತ್ತೂರಿಗೆ ಸೋದರತ್ತಿ ಮನಿಗೆ ಕಳಿಸೇವಿ ಅಂತ ಅಪ್ಪ ಊರಿಗೆಲ್ಲಾ ಹೇಳಿ, ಕಮಾನಿನ ಗಾಡ್ಯಾಗ ನಸುಕಿನ್ಯಾಗ ಆ ಗುಡಿಸಲಕ್ಕ ತಂದು ಇಳಿಸಿದ. ನಮ್ಮವ್ವ ಬದುವಿನ ಮ್ಯಾಲ ನಿಂತು ನೋಡಿ ಹೋಗ್ತಿದ್ಲು. ಹತ್ರ ಬರಲಿಲ್ಲ, ಅಂಜಿಕಿ. ಒಳಗ ಬಂದಾಕಿ ನಿಮ್ಮವ್ವ ಒಬ್ಬಾಕಿ. ಉಣಿಸಿದ್ಲು, ತಲಿ ಹಿಕ್ಕಿದ್ಲು, ರಕ್ತ ಬಳದ್ಲು. ಗುರುವಾರಕ್ಕೊಮ್ಮೆ ಹಿರೇಕೆರೂರಿಂದ ಕಂಪೌಂಡರ್ ಇಸ್ಮಾಯಿಲಸಾಬ ಸೈಕಲ್ ಮ್ಯಾಲ ಬಂದು ಸೂಜಿ ಮಾಡ್ತಿದ್ದ. ದಿನಾ ಮುಂಜಾನೆ ನಿಮ್ಮವ್ವ ಒಲಿ ಹಚ್ಚಿ, ಆಮ್ಯಾಲ ಹಗ್ಗಕ್ಕ ಒಂದ ಗಂಟ ಹಾಕಾಕಿ. ಏನಬೇ ಅದು ಅಂದ್ರ, 'ನನ್ನ ಮಗನ ಕಡೆ ಒಂದ ದಿನಾ ಹತ್ರ ಆತವ್ವಾ' ಅಂತಿದ್ಲು."

ಗುತ್ತೆಪ್ಪ ಚಾಚಿದ ಹಗ್ಗವನ್ನು ತನ್ನ ಕಡೆ ಎಳೆದುಕೊಂಡ.

"ನೀ ಒಮ್ಮೆ ಬಂದಿದ್ದಿ. ನಾ ಒಳಗಿಂದ ನೋಡಿದ್ದೆ. ಈ ಬ್ಯಾನಿ ಹುಡುಗಗ ಹತ್ತಬಾರದು ಅಂತ ಹೆಂಟಿ ಒಗದ್ಲು. ನೀ ಓಡಿ ಹೋದ ಮ್ಯಾಲ ಆ ಎಡಗೈನ ನೆಲಕ್ಕ ಬಡಬಡಕೊಂಡು ಅತ್ಲು. ಎರಡ ದಿನಾ ಉಣ್ಣಲಿಲ್ಲ."

ಭುಜದ ಮೇಲೆ ಹೆಂಟೆ ಬಡಿದ ಜಾಗವನ್ನು ಗುತ್ತೆಪ್ಪ ತನಗೇ ಗೊತ್ತಿಲ್ಲದೆ ಒತ್ತಿಕೊಳ್ಳುತ್ತಿದ್ದ. ಇಷ್ಟು ವರ್ಷ ಅವ್ವನ ಮೇಲೆ ಸಿಟ್ಟು ಮಾಡಿಕೊಂಡು ಒಳಗೆ ಕಾಲಿಡಲಿಲ್ಲ. ಒಂದೇ ಒಂದು ಸಲ ಒಳಗೆ ಹೋಗಿ ತಲೆ ಎತ್ತಿ ನೋಡಿದ್ದರೆ ಏನನ್ನೂ ಕಟ್ಟದ ಹಗ್ಗ ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಅದರ ಮೇಲೆ ಐವತ್ತೈದು ವರ್ಷ ಹುಲ್ಲು ಹೊಚ್ಚಿ ಮುಚ್ಚಿದವನು ತಾನೇ.

"ಊರು ಏನಂತಿತ್ತು ಅಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ದೊಡ್ಡಗೌಡ್ರಿಗೆ?"

"ಅಪ್ಪಗೂ ಗೊತ್ತಿತ್ತು."

ಗೊತ್ತಿಲ್ಲದೆ ಏನು. ಗೌಡನೊಬ್ಬ ಹೆಂಗಸನ್ನು ಇಟ್ಟುಕೊಂಡಿದ್ದಾನೆಂದರೆ ಆ ಕಾಲಕ್ಕೆ ಅವನ ಮೀಸೆಯ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಮಗಳಿಗೆ ಕ್ಷಯ ಇತ್ತೆಂದರೆ, ಅದರ ಮೇಲೆ ಕೇರಿಯವಳ ಕೈಯಲ್ಲಿ ವರ್ಷದ ಮೇಲೆ ಉಂಡಿದ್ದಾಳೆಂದರೆ, ವರ ಸಿಗುತ್ತಿರಲಿಲ್ಲ. ಚನ್ನವೀರಪ್ಪ ಎರಡನ್ನೂ ತೂಗಿ ನೋಡಿ, ತನಗೆ ಹಗುರವಾದದ್ದನ್ನು ಆರಿಸಿಕೊಂಡು, ಭಾರವನ್ನು ಸತ್ತ ಹೆಂಗಸಿನ ತಲೆಗೆ ಕಟ್ಟಿದ.

"ಲಿಂಗ ಮುಟ್ಟಿಸಿ ಆಣಿ ಮಾಡಿಸಿದ. ಯಾರ ಮುಂದೂ ಬಾಯಿ ಬಿಡಬಾರದು ಅಂತ. ನನ್ನ ಗಂಡಗೂ ಹೇಳಿಲ್ಲ, ಮಗಗೂ ಹೇಳಿಲ್ಲ. ಇವತ್ತು ನಿನಗಷ್ಟ ಹೇಳೇನಿ."

"ನಿಮಗ ಆರಾಮ ಆತು. ಈ ರಿಬ್ಬನ್ ಕಟ್ಟಿ ನೀವು ಮನಿಗೆ ಬಂದ್ರಿ. ಅದರ ಮುಂದೂ ಗಂಟ ಅದಾವಲ್ರಿ ಅವ್ವಾರ. ಆಕಿ ಮನಿಗೆ ಯಾಕ ಬರಲಿಲ್ಲ?"

ಸರೋಜವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮುಚ್ಚಿದ ಕಿಟಕಿ ಅದು.

ಗುತ್ತೆಪ್ಪ ಕೆಳಗೆ ಬಂದು ಪಡಸಾಲೆಯಲ್ಲಿ ಮೃತ್ಯುಂಜಯನ ಎದುರು ನಿಂತು ಎಲ್ಲ ಹೇಳಿದ. ಆತ ಮೇಲೆ ಹೋಗಿ ತಾಯಿಯನ್ನು ನೋಡಿ ಬಂದ. ಮುಖ ಸಪ್ಪಗಾಗಿತ್ತು.

"ನನಗ ಇದೇನೂ ಗೊತ್ತಿರಲಿಲ್ಲ, ಗುತ್ತೆಪ್ಪ. ಆದ್ರ ಸತ್ತೋರು ಸತ್ತು ಹೋಗ್ಯಾರ, ಈಗ ಕೆದಕಿ ಏನ್ಮಾಡೂದು? ಹಲಗಿ ಮ್ಯಾಲ ನಿಮ್ಮವ್ವನ ಹೆಸರೂ ಬರಸ್ತೇನಿ. ಸೇವಕಿ ಹುಲಿಗೆವ್ವ ಅಂತ."

"ಹಲಗಿ ಬ್ಯಾಡ್ರಿ. ಊರಾಗ ಯಾರೂ ಹಲಗಿ ಓದಿ ಆ ಮಾತ ಕಲ್ತಿಲ್ಲ. ಬಾಯಿಲೆ ಆಡಿದ್ದು ಬಾಯಿಲೇ ಹೋಗಬೇಕು. ಅವ್ವಾರು ನಮ್ಮ ಕೇರಿಗೆ ಬಂದು, ಕಟ್ಟಿ ಮುಂದ ನಿಂತು, ಎಲ್ಲಾರ ಎದುರು ಹೇಳಲಿ. ಅಲ್ಲೀತನಾ ನಾ ಹುಲ್ಲು ಹೊಚ್ಚಂಗಿಲ್ಲ."

"ಮಳಿ ಬಂದ್ರ ಮಣ್ಣಿನ ಗ್ವಾಡಿ ಕರಗಿ ಹೋಗ್ತಾವಲ್ಲೋ!"

"ಹೋಗ್ಲಿ ಬಿಡ್ರಿ. ನಮ್ಮ ಮುತ್ತಜ್ಜ ಕಟ್ಟಿದ್ದು, ನಮ್ಮಿಂದಾನ ಹೋಗಲಿ."

ಹಾಗೆ ಗಟ್ಟಿಯಾಗಿ ಹೇಳಿ ಬಂದನೇ ಹೊರತು, ಒಳಗೆ ಅವನಿಗೆ ಅಂಜಿಕೆ ಇತ್ತು. ಸರೋಜವ್ವ ಬರದಿದ್ದರೆ ಗುಡಿಸಲೂ ಹೋಗುತ್ತದೆ, ಸತ್ಯವೂ ಹೋಗುತ್ತದೆ, ಊರಿನ ಮಾತು ಮಾತ್ರ ಉಳಿಯುತ್ತದೆ. ಆ ಮುದುಕಿಯ ಹೊರತು ಇದನ್ನು ಕಂಡವರು ಭೂಮಿಯ ಮೇಲೆ ಬೇರೆ ಯಾರೂ ಇಲ್ಲ.

ಮನೆಯಲ್ಲಿ ಹೆಂಡತಿ ಯಂಕವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿದಳು. ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಹೋಯಿತು. ಮೂವತ್ತು ವರ್ಷದ ಹಿಂದೆ ಒಂದು ಜಗಳದಲ್ಲಿ ಅವಳೂ ಆ ಮಾತು ಅಂದಿದ್ದಳು. ಗುತ್ತೆಪ್ಪ ಆಗ ನಾಲ್ಕು ತಿಂಗಳು ಅವಳೊಂದಿಗೆ ಮಾತು ಬಿಟ್ಟಿದ್ದ.

"ನಾನೂ ಅಂದಿದ್ನಲ್ಲಾ," ಎಂದಳು. "ಅತ್ತಿ ಮಾರಿ ನೋಡದ ಅಂದಿದ್ನಲ್ಲಾ."

ಗುತ್ತೆಪ್ಪ ಅವಳನ್ನು ಸಮಾಧಾನ ಮಾಡಲಿಲ್ಲ, ಬಯ್ಯಲೂ ಇಲ್ಲ. ಹಗ್ಗವನ್ನು ಮಡಿಚಿ ಜಗಲಿಯ ಮೂಲೆಯಲ್ಲಿ ದೇವರ ಪಕ್ಕಕ್ಕಿಟ್ಟ.

ಎರಡು ದಿನ ಹಾಗೇ ಹೋದವು. ಹಾನಗಲ್ಲಿನ ದಿಕ್ಕಿಗೆ ಮೋಡ ಕಟ್ಟುತ್ತಿತ್ತು, ಸಂಜೆಗೆ ಗುಡುಗುತ್ತ ಹೊರಳಿ ಹೋಗುತ್ತಿತ್ತು. ಪರಮೇಶ ಯಾವುದಕ್ಕೂ ಇರಲೆಂದು ಗೋಡೆಗಳ ಮೇಲೆ ತಾಡಪಾಲು ಮುಚ್ಚಿ ಬಂದ. ಅಪ್ಪನಿಗೆ ಅದು ಗೊತ್ತಿತ್ತು, ಕೇಳಲಿಲ್ಲ.

ಮೂರನೆಯ ದಿನ ಮುಂಜಾನೆ, ಕೆಲಸಕ್ಕೆ ಹೋಗುವವರು ಬುತ್ತಿ ಕಟ್ಟುವ ಹೊತ್ತಿಗೆ, ಕೇರಿಯ ಬಾಯಲ್ಲಿ ಕಾರು ನಿಂತಿತು. ಮೃತ್ಯುಂಜಯ ತಾಯಿಯ ಕೈ ಹಿಡಿಯಲು ಹೋದ. ಅವಳು ಕೈ ಬಿಡಿಸಿಕೊಂಡು ಕೋಲೂರುತ್ತ ಒಬ್ಬಳೇ ನಡೆದು ಬಂದಳು. ಎಪ್ಪತ್ತೆಂಟು ವರ್ಷ ಅದೇ ಊರಿನಲ್ಲಿದ್ದು ಆ ಓಣಿಯಲ್ಲಿ ಅವಳು ಕಾಲಿಟ್ಟದ್ದು ಅದೇ ಮೊದಲು. ಹೆಂಗಸರು ಕೊಡ ಇಳಿಸಿದರು, ಮುದುಕರು ಕಟ್ಟೆಯಿಂದ ಎದ್ದು ನಿಂತರು. ಉಸ್ಮಾನಸಾಬ ಕೂಡ ಅಂಗಡಿ ಬಿಟ್ಟು ಬಂದಿದ್ದ, ಅವನ ಹಿಂದೆ ಚಹ ಕುಡಿಯುವವರೆಲ್ಲ ಬಂದಿದ್ದರು.

ಸರೋಜವ್ವ ಕಟ್ಟೆಯ ಮುಂದೆ ನಿಂತು ಕರಡಿಗೆಯ ಮೇಲೆ ಕೈ ಇಟ್ಟುಕೊಂಡಳು. "ಅಪ್ಪಗ ಕೊಟ್ಟ ಆಣಿ ಇವತ್ತು ಮುರೀತೇನಿ. ಪಾಪ ಬಂದ್ರ ನನಗ ಬರಲಿ," ಎಂದು ಶುರು ಮಾಡಿ, ಗುತ್ತೆಪ್ಪನಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಧ್ವನಿ ಸಣ್ಣದು, ಹಿಂದಿದ್ದವರು ಕೇಳಲು ಮುಂದೆ ಸರಿದು ಬಂದರು. "ಹುಲಿಗೆವ್ವನ್ನ ನಮ್ಮಪ್ಪ ಇಟ್ಕೊಂಡಿರಲಿಲ್ಲ. ಆಕಿ ನನ್ನ ಹೊಟ್ಯಾಗ ಹಾಕ್ಕೊಂಡಿದ್ಲು. ನೀವು ಆಡಿದ ಮಾತು ಸುಳ್ಳು. ಅದು ಸುಳ್ಳಂತ ಗೊತ್ತಿದ್ದೂ ನಾ ಸುಮ್ಮನಿದ್ದೆ."

ಅಲ್ಲಿಗೆ ಮುಗಿಯಿತೆಂದು ಮೃತ್ಯುಂಜಯ ಮುಂದೆ ಬಂದ. ಅವಳು ಕೋಲೆತ್ತಿ ಅವನನ್ನು ತಡೆದಳು.

"ಇನ್ನೂ ಐತಿ. ಗುತ್ತೆಪ್ಪ ನನ್ನ ಒಂದ ಮಾತ ಕೇಳಿದ್ದ, ನಾ ಹೇಳಲಿಲ್ಲ. ನಾ ಮನಿಗೆ ಬರೋ ಹೊತ್ತಿಗೆ ಆಕಿಗೆ ಕೆಮ್ಮು ಹತ್ತಿತ್ತು. ನನ್ನಿಂದ ಹತ್ತಿದ್ದು. ಮಗಗ ಹತ್ತಬಾರದು ಅಂತ ಅಲ್ಲೇ ಉಳಕೊಂಡ್ಲು. ಈಕಿಗೂ ಸೂಜಿ ತರಸ್ರಿ ಅಂತ ಇಸ್ಮಾಯಿಲಸಾಬ ಅಪ್ಪನ್ನ ಕೇಳಿದ. ಅಪ್ಪ 'ನೋಡೋಣು' ಅಂದ. ಬದುವಿನ ಮ್ಯಾಲ ಬುತ್ತಿ ಇಟ್ಟು ಬರ್ತಿದ್ರು, ಅಷ್ಟ. ನನ್ನ ಖೋಲಿ ಕಿಟಕ್ಯಾಗಿಂದ ಗುಡಿಸಲಾ ಕಾಣ್ತೈತಿ. ದಿನಾ ಮುಂಜಾನೆ ಹೊಗಿ ನೋಡ್ತಿದ್ದೆ. ಹೊಗಿ ಬಂತಂದ್ರ ಆಕಿ ಅದಾಳ ಅಂತ. ಐವತ್ತೊಂಬತ್ತು ಮುಂಜಾನೆ ಹೊಗಿ ಬಂತು. ಆಮ್ಯಾಲ ಬರಲಿಲ್ಲ."

ಅವಳು ಕೋಲನ್ನು ಎರಡೂ ಕೈಯಿಂದ ಊರಿಕೊಂಡಳು.

"ನಾ ಯಾರಿಗೂ ಹೇಳಲಿಲ್ಲ. ಹೇಳಿದ್ರ ನನ್ನನ್ನ ಮತ್ತ ಅಲ್ಲಿಗೆ ಕಳಸ್ತಾರೇನೋ ಅಂತ ಅಂಜಿದೆ. ಎರಡ ದಿನಾ ಬಿಟ್ಟು ಗುರುವಾರ ಇಸ್ಮಾಯಿಲಸಾಬ ಆಕಿನ್ನ ನೋಡಾಕ ಬಂದಾಗ ಗೊತ್ತಾತು. ಹೊಗಿ ನಿಂತ ದಿನಾನ ಆಕಿ ಹೋಗ್ಯಾಳ, ಹೇಳಿದ್ರೂ ಉಪಯೋಗ ಇರಲಿಲ್ಲ ಅಂತ ಇಷ್ಟ ವರ್ಷ ನನಗ ನಾ ಹೇಳ್ಕೊಂಡೇನಿ. ಆ ಕಿಟಕಿ ಮತ್ತ ತಗದಿಲ್ಲ." ಗುತ್ತೆಪ್ಪನನ್ನು ಹುಡುಕಿ ನೋಡಿದಳು. "ರಿಬ್ಬನ್ ಆದ ಮ್ಯಾಲ ಎಷ್ಟ ಗಂಟ ಅದಾವ, ಗುತ್ತೆಪ್ಪಾ?"

ಗುತ್ತೆಪ್ಪನ ಕೈಯಲ್ಲಿ ಹಗ್ಗವಿತ್ತು. ನೋಡುವ ಅಗತ್ಯವಿರಲಿಲ್ಲ, ಎರಡು ಸಲ ಎಣಿಸಿದ್ದ. ಐವತ್ತೊಂಬತ್ತು ಎಂಬ ಮಾತು ನಾಲಗೆಯ ತುದಿಗೆ ಬಂತು. ಕಷ್ಟಪಟ್ಟು ನಡೆದು ಬಂದ ಮುದುಕಿ, ಹೇಳಬೇಕಾದ್ದು ಹೇಳಿದ್ದಾಳೆ, ಇನ್ನು ಎಷ್ಟು ದಿನ ಇದ್ದಾಳು. ಆದರೆ ಅವ್ವ ಒಲೆ ಹಚ್ಚಲೂ ಶಕ್ತಿಯಿಲ್ಲದೆ, ಬೆಂಕಿಯಿಲ್ಲದ ಗುಡಿಸಲಿನಲ್ಲಿ ಮಲಗಿ, ಮಗನ ಕಡೆಗೆಂದು ಕೈ ಎತ್ತಿ ಹಾಕಿದ ಗಂಟುಗಳವು. ಅವುಗಳನ್ನು ಆತ ಯಾರಿಗೂ ಬಿಟ್ಟುಕೊಡಲಾರ.

"ಅರವತ್ತೊಂದು ಅದಾವ್ರಿ ಅವ್ವಾರ."

ಓಣಿಯಲ್ಲಿ ಎಷ್ಟು ಮಂದಿಗೆ ಅದು ತಿಳಿಯಿತೋ. ಸರೋಜವ್ವನಿಗೆ ತಿಳಿಯಿತು. ಕೋಲು ಕೈಯಿಂದ ಜಾರಿತು. ಅವಳು ಅಲ್ಲೇ, ಕೇರಿಯ ನೆಲದ ಮೇಲೆ, ಮಣ್ಣಿನಲ್ಲಿ ಕುಸಿದು ಕೂತಳು. "ಎರಡ ದಿನಾ," ಎಂದಳು. "ಎರಡ ದಿನಾ ಇದ್ಲು." ಮೃತ್ಯುಂಜಯ ಎಬ್ಬಿಸಲು ಹೋದರೆ ಏಳಲಿಲ್ಲ. ಗುತ್ತೆಪ್ಪ ಮುಖ ಮುಚ್ಚಿಕೊಂಡು ಅಳುತ್ತಿದ್ದ, ಏಳು ವರ್ಷದವನಾಗಿದ್ದಾಗ ಅತ್ತ ಮೇಲೆ ಹಾಗೆ ಅತ್ತಿರಲಿಲ್ಲ.

ಕಡೆಗೆ ಯಂಕವ್ವ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ತಂದವಳು ರೂಢಿಯಂತೆ ಎರಡು ಮಾರು ದೂರ ನಿಂತಳು. ಸರೋಜವ್ವ ಕೂತಲ್ಲಿಂದಲೇ ಕೈ ಚಾಚಿ ತಂಬಿಗೆ ಇಸಿದುಕೊಂಡು ಅಷ್ಟೂ ಕುಡಿದಳು.

ಅವತ್ತು ಮಧ್ಯಾಹ್ನವೇ ಗುತ್ತೆಪ್ಪ ಏಣಿ ಹಚ್ಚಿದ. ಕೇರಿಯ ಎಂಟು ಹತ್ತು ಮಂದಿ ಕರೆಯದೆ ಬಂದು ಸಿವುಡು ಎತ್ತಿಕೊಟ್ಟರು. ಉಸ್ಮಾನಸಾಬನ ಅಂಗಡಿಯಲ್ಲಿ ನಕ್ಕವನೂ ಅವರಲ್ಲಿದ್ದ, ತಲೆ ಎತ್ತದೆ ಹುಲ್ಲು ಹೊತ್ತ. ಬೇವಿನ ಮರಕ್ಕೆ ಒರಗಿಸಿದ್ದ ಹಲಗೆಯನ್ನು ಮೃತ್ಯುಂಜಯ ತಾನೇ ಹೊತ್ತು ತೆಗೆದುಕೊಂಡು ಹೋದ. ಮರುದಿನ ಸಂಜೆಯ ಹೊತ್ತಿಗೆ ಹೊದಿಕೆ ಮುಗಿಯಿತು, ಅದರ ಹಿಂದೆಯೇ ಮಳೆ ಬಂತು.

ನಸುಕಿಗೆ ಮಳೆ ನಿಂತ ಮೇಲೆ ಗುತ್ತೆಪ್ಪ ಗುಡಿಸಲಿಗೆ ಹೋದ. ಹೊಸಿಲಲ್ಲಿ ಸ್ವಲ್ಪ ನಿಂತ. ಆಮೇಲೆ ತಲೆ ಬಗ್ಗಿಸಿ ಒಳಗೆ ಕಾಲಿಟ್ಟ. ಹಗ್ಗವನ್ನು ಇದ್ದ ಗಳಕ್ಕೇ, ಈ ಸಲ ಒಳಗೆ ಬಂದವರಿಗೆಲ್ಲ ಕಾಣುವ ಹಾಗೆ, ಇಳಿಬಿಟ್ಟು ಕಟ್ಟಿದ. ಅವ್ವ ಕೂತಿದ್ದಿರಬಹುದಾದ ಜಾಗದಲ್ಲಿ ಕೂತು ಒಲೆ ಹಚ್ಚಿದ. ಹೊಸ ಹುಲ್ಲು ಹೊಗೆ ಕುಡಿಯುತ್ತ ಕುಡಿಯುತ್ತ ಮೇಲಿನಿಂದ ಬಿಡತೊಡಗಿತು. ಹೊರಗೆ ಬಂದು ನೋಡಿದರೆ ಹೊಲದಾಚೆ ವಾಡೆಯ ಮಾಳಿಗೆಯ ಕಿಟಕಿ ತೆರೆದಿತ್ತು. ಅದರಲ್ಲಿ ಒಂದು ಬಿಳಿ ಸೆರಗು ಕಾಣುತ್ತಿತ್ತು.

ಮೊದಲ ಹೊಗೆಗೆ ಒಂದು ಮುಂಜಾನೆ ಸಾಕು, ಕಟ್ಟುಪಾಡು ಅಷ್ಟೇ. ಗುತ್ತೆಪ್ಪ ಮರುದಿನವೂ ಹೋದ.

"ನಿನ್ನೆ ಹಾಕಿದ್ದೆಲ್ಲಪ್ಪಾ?" ಎಂದು ಪರಮೇಶ ಕೇಳಿದ.

"ಎರಡ ದಿನಾ ಹಾಕೂದು ಉಳದಿತ್ತು," ಎಂದು ಹೇಳಿ, ಕಟ್ಟಿಗೆ ಬಗಲಲ್ಲಿಟ್ಟುಕೊಂಡು ಹೊಲದ ಹಾದಿ ಹಿಡಿದ.